ದರೋಡೆ ನೊಣವನ್ನು ಬೆನ್ನಟ್ಟಬೇಡಿ, ಕಾದು ಕುಳಿತುಕೊಳ್ಳಿ

ಬೇರೆ ಕೀಟಗಳನ್ನು ಹಿಡಿದು ತಿನ್ನುವ ದರೋಡೆ ನೊಣಗಳಲ್ಲಿ ಒಂದು ಬಗೆಯಾದ ಲಾಫ್ರಿಯಾವನ್ನು ಮೊದಲ ಸಲ ಕಂಡಾಗ ಜೇನೆಂದೇ ತಿಳಿದು ಮುಂದೆ ನಡೆದುಬಿಟ್ಟಿದ್ದೆ. ಮೈತುಂಬ ಕಪ್ಪು, ಹಳದಿ ರೋಮ. ಹಾರಿದರೆ ಗುಂಯ್ ಎಂಬ ಸದ್ದು. ಹತ್ತು ಹೆಜ್ಜೆ ಹೋದ ಮೇಲೆ ಹೊಳೆಯಿತು: ಒಣಗಿದ ಮರದ ದಿಮ್ಮಿಯ ಮೇಲೆ ಜೇನಿಗೇನು ಕೆಲಸ? ತಿರುಗಿ ಬಂದು ನೋಡಿದರೆ ಅದರ ಸೊಂಡಿಲಿನ ತುದಿಗೆ ಒಂದು ಜೀರುಂಡೆ ಸಿಕ್ಕಿಕೊಂಡಿತ್ತು.

ಆದ್ದರಿಂದ ಹೂವುಗಳ ಬಳಿಯಲ್ಲ, ಬಿಸಿಲು ಬೀಳುವ ದಿಮ್ಮಿ, ಮೋಟುಮರಗಳ ಮೇಲೆ ಹುಡುಕಿ. ಕೊಳೆತ ಮರದೊಳಗೆ ಇದರ ಮರಿಹುಳುಗಳು ಬೇರೆ ಕೀಟಗಳ ಮರಿಗಳನ್ನು ತಿಂದು ಬೆಳೆಯುತ್ತವೆ. ಮೋಡ ಕವಿದ ದಿನ ಹೊರಡುವುದು ದಂಡ.

ಗುರುತು ಹಿಡಿಯುವುದು ಸುಲಭ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ರೆಕ್ಕೆ ಮಡಚಿ ಕುಳಿತಾಗ ಎಣಿಸಲಾಗದು. ಆಗ ಮುಖ ನೋಡಿ. ಉಬ್ಬಿದ ಎರಡು ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿರುತ್ತದೆ, ಕೆಳಗೆ ಪೊದೆಮೀಸೆ. ಒದ್ದಾಡುವ ಬೇಟೆಯಿಂದ ಮುಖವನ್ನು ಕಾಯುವುದು ಆ ಮೀಸೆಯೇ.

ಇನ್ನು ನೋಡುವ ಬಗೆ. ಎರಡು ಮೀಟರ್ ದೂರದಲ್ಲಿ, ನಿಮ್ಮ ನೆರಳು ಅದರ ಮೇಲೆ ಬೀಳದಂತೆ ಕುಳಿತುಕೊಳ್ಳಿ. ಹಾರಿಹೋದರೆ ಏಳಬೇಡಿ. ನಾನು ಎದ್ದು ಓಡಿ ಎಷ್ಟೋ ಮಧ್ಯಾಹ್ನಗಳನ್ನು ಹಾಳುಮಾಡಿಕೊಂಡಿದ್ದೇನೆ; ಅದು ಮಾತ್ರ ಹೆಚ್ಚಿನ ಸಲ ಅದೇ ಜಾಗಕ್ಕೋ ಪಕ್ಕಕ್ಕೋ ಮರಳಿ ಬರುತ್ತದೆ. ತಲೆಯ ಮೇಲೆ ಕಣ್ಣಿಡಿ. ಏನಾದರೂ ಹಾರಿಹೋದರೆ ಮೈ ಅಲುಗದೆ ತಲೆಯಷ್ಟೇ ಥಟ್ಟನೆ ಆ ಕಡೆ ಹೊರಳುತ್ತದೆ. ಮರುಕ್ಷಣ ಜಾಗ ಖಾಲಿ. ಜೀರುಂಡೆಯ ಕವಚ ಗಟ್ಟಿ, ಆದರೆ ಹಾರುವಾಗ ಅದು ತೆರೆದಿರುತ್ತದಲ್ಲ, ಸೊಂಡಿಲು ಇಳಿಯುವುದು ಅಲ್ಲಿಯೇ. ಚುಚ್ಚಿ ಬಿಟ್ಟ ಜೊಲ್ಲು ಬೇಟೆಯನ್ನು ಸ್ತಬ್ಧಗೊಳಿಸಿ ಒಳಗಿನ ಮಾಂಸವನ್ನು ಕರಗಿಸುತ್ತದೆ. ನೊಣ ಅದನ್ನು ಹೀರುತ್ತದೆ.

ಚಿತ್ರ ತೆಗೆಯಬೇಕೆಂದಿದ್ದರೆ ಇದೇ ಹೊತ್ತು. ಊಟಕ್ಕೆ ಕುಳಿತ ನೊಣ ಸುಲಭವಾಗಿ ಏಳುವುದಿಲ್ಲ. ಕ್ಯಾಮೆರಾವನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ಸರಿಸಬಹುದು. ಕೈಯಲ್ಲಿ ಹಿಡಿಯುವ ಆಸೆ ಬೇಡ. ಒಮ್ಮೆ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದೆ. ದಬ್ಬಳ ನೆಟ್ಟಂತಾಯಿತು, ತಪ್ಪು ನನ್ನದೇ.

ಊಟ ಮುಗಿದು ಅದು ಹಾರಿದ ಮೇಲೆ ದಿಮ್ಮಿಯ ಕೆಳಗೊಮ್ಮೆ ಹುಡುಕಿ. ನನಗೆ ಸಿಕ್ಕಿದ ಜೀರುಂಡೆಯ ಆರು ಕಾಲೂ ಸರಿಯಾಗಿದ್ದವು, ಬಣ್ಣವೂ ಮಾಸಿರಲಿಲ್ಲ. ಬೆರಳ ಮೇಲಿಟ್ಟು ಮೆಲ್ಲಗೆ ಊದಿದೆ, ಹೊಟ್ಟಿನಂತೆ ಹಾರಿಹೋಯಿತು.