ರಾಯಚೂರಿನ ಬಿಸಿಲಲ್ಲಿ ನಾನೇ ಜೋಡಿಸಿದ ಎಡಿಟಿಂಗ್ ಮೆಷಿನ್

ಎರಡು ಬೇಸಿಗೆ ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಬರೆಯಬಹುದಿತ್ತು. ಆದರೆ ರಾಯಚೂರಿನ ಮೇ ತಿಂಗಳು ಕಳೆಯದೆ ಯಾವ ಮೆಷಿನ್ ಬಗ್ಗೆಯೂ ಮಾತಾಡಬಾರದು, ಅಲ್ವಾ?

ನನ್ನದು ಮದುವೆ ವಿಡಿಯೋ ಎಡಿಟಿಂಗ್. 2023ರಲ್ಲಿ ಹಳೆಯ ಕಂಪ್ಯೂಟರ್ 4ಕೆ ಫೂಟೇಜ್ ಮುಂದೆ ಕೈಚೆಲ್ಲಿತು. ಅಂಗಡಿಯವರು ಹೊಸದನ್ನು ಜೋಡಿಸಿ ಕೊಡಲು 58 ಸಾವಿರ ಕೇಳಿದರು. ನಾನೇ ಜೋಡಿಸ್ತೀನಿ ಅಂದೆ. ಜೊತೆಗೆ ಕೆಲಸ ಮಾಡುವ ಹಿರಿಯ ಫೋಟೋಗ್ರಾಫರ್ ಒಬ್ಬರು, "ತಮ್ಮಾ, ರೊಕ್ಕಾನೂ ಹೋಗ್ತದ, ಸೀಸನ್ನೂ ಹೋಗ್ತದ. ನಮ್ಮೂರ ಬಿಸಿಲಿಗೆ, ಕರೆಂಟಿಗೆ ಅಂಗಡಿ ಮಾಲೇ ನಿಲ್ಲಂಗಿಲ್ಲ" ಅಂದರು.

ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿಗೆ ಹೋಗಿ ಸಾಮಾನು ತಂದೆ. ರೈಜೆನ್ 5 5600 ಪ್ರೊಸೆಸರ್ ಸುಮಾರು 12 ಸಾವಿರ. ಎಲ್ಲವನ್ನೂ ಕೂರಿಸುವ ಬಿ450 ಮದರ್‌ಬೋರ್ಡ್ ಆರೂವರೆ. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಎಂಟರ ಹತ್ತಿರ. 550 ವ್ಯಾಟ್ ಪವರ್ ಸಪ್ಲೈ, ಎಸ್‌ಎಸ್‌ಡಿ, ಕ್ಯಾಬಿನೆಟ್ ಎಲ್ಲ ಸೇರಿ ಇನ್ನೊಂದು ಹತ್ತು. 8 ಜಿಬಿ ರ‍್ಯಾಮ್ ಒಂದು ಅಲ್ಲಿ ತಂದೆ, ಇನ್ನೊಂದನ್ನು ಊರಲ್ಲೇ ಬೇರೆ ಕಂಪನಿಯದು ತಗೊಂಡೆ. ಒಟ್ಟು 41 ಸಾವಿರದ ಆಸುಪಾಸು. ಆ ಎರಡನೇ ರ‍್ಯಾಮ್ ನೆನಪಿಟ್ಟುಕೊಳ್ಳಿ.

ಮೊದಲ ರಾತ್ರಿ ಫ್ಯಾನ್ ತಿರುಗಿತು, ಡಿಸ್‌ಪ್ಲೇ ಇಲ್ಲ. 5600ರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಹಾಗಾಗಿ ಕಾರ್ಡ್ ಕೆಟ್ಟಿದೆಯೋ ಬೋರ್ಡ್ ಕೆಟ್ಟಿದೆಯೋ ತಿಳಿಯಲು ದಾರಿಯೇ ಇರಲಿಲ್ಲ. ರಿಪೇರಿಯವರೊಬ್ಬರು 500 ರೂಪಾಯಿ ತಗೊಂಡು "ಬೋರ್ಡ್ ಡೆಡ್" ಅಂದುಬಿಟ್ಟರು. ನನಗೆ ನಂಬಿಕೆ ಬರಲಿಲ್ಲ. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಹಳೆಯ ಸ್ಟಾಕ್ ಆದರೆ ಅದರ ಬಯಾಸ್‌ಗೆ (ಆನ್ ಮಾಡಿದಾಗ ಬೋರ್ಡ್ ಮೊದಲು ಓಡಿಸುವ ಸಾಫ್ಟ್‌ವೇರಿಗೆ) ಈ ಪ್ರೊಸೆಸರ್ ಗುರುತೇ ಇರುವುದಿಲ್ಲ. ಪ್ರೊಸೆಸರ್ ಇಲ್ಲದೆಯೇ ಬಯಾಸ್ ಹಾಕುವ ಬಟನ್ ಕೆಲವು ಬೋರ್ಡ್‌ಗಳಲ್ಲಿದೆ, ನನ್ನದರಲ್ಲಿ ಇರಲಿಲ್ಲ. ಗೆಳೆಯನ ಮೆಷಿನ್‌ನಿಂದ ರೈಜೆನ್ 3 3200ಜಿ ಎಂಬ ಹಳೆಯ ಪ್ರೊಸೆಸರ್ ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಹಾಕಿದ ತಕ್ಷಣ ಡಿಸ್‌ಪ್ಲೇ ಬಂತು! ಇನ್ವರ್ಟರ್ ಲೈನಿಗೆ ಹಾಕಿಕೊಂಡು ಪೆನ್‌ಡ್ರೈವ್‌ನಿಂದ ಬಯಾಸ್ ಅಪ್‌ಡೇಟ್ ಮಾಡಿದೆ. ಆ ಐದು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡ್ ನಿಜಕ್ಕೂ ಡೆಡ್. ಮತ್ತೆ 5600 ಕೂರಿಸಿದಾಗ, ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಭದ್ರತಾ ಕೀಗಳನ್ನಿಡುವ ಜಾಗ) ರೀಸೆಟ್ ಮಾಡಲೇ ಎಂದು ಕೇಳುತ್ತದೆ. ಡಿಸ್ಕ್ ಖಾಲಿ ಇದ್ದರೆ ವೈ ಒತ್ತಿ. ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ ಡಿಸ್ಕ್ ಇದ್ದರೆ ಮಾತ್ರ ರಿಕವರಿ ಕೀ ಕೈಯಲ್ಲಿರಲಿ.

ಅವತ್ತಿನಿಂದ ನನ್ನ ಪದ್ಧತಿ ಒಂದೇ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೇ ಇಟ್ಟು ಪ್ರೊಸೆಸರ್, ಒಂದೇ ರ‍್ಯಾಮ್, ಕಾರ್ಡ್ ಹಾಕಿ ಬಯಾಸ್ ತೆರೆಯುವುದು. ಆಮೇಲೆ ಒಂದೊಂದೇ ಸೇರಿಸುವುದು, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವುದು. ಕ್ಯಾಬಿನೆಟ್ ಕೊನೆಗೆ.

ಡ್ರೈವರ್, ಅಂದರೆ ಒಂದೊಂದು ಸಾಮಾನನ್ನೂ ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್, ಅದರ ಕಥೆ ಬೇರೆ. 300 ರೂಪಾಯಿಯ ವೈಫೈ ಡಾಂಗಲ್ ಜೊತೆ ಡ್ರೈವರ್ ಸಿಡಿ ಕೊಟ್ಟಿದ್ದರು, ಹಾಕಲು ಸಿಡಿ ಡ್ರೈವೇ ಇಲ್ಲ. ಆಂಡ್ರಾಯ್ಡ್ ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು. ಮೊದಲು ಬೋರ್ಡಿನ ಚಿಪ್‌ಸೆಟ್ ಡ್ರೈವರ್, ರೀಸ್ಟಾರ್ಟ್, ಆಮೇಲೆ ಗ್ರಾಫಿಕ್ಸ್. ಎಡಿಟಿಂಗ್‌ಗೆ ಆಟಗಳಿಗೆಂದು ಇರುವ ಗೇಮ್ ರೆಡಿ ಡ್ರೈವರ್ ಬೇಡ, ಸ್ಟುಡಿಯೋ ಡ್ರೈವರ್ ಹಾಕಿ.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ರೆಂಡರ್ (ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೋ ಫೈಲ್ ಮಾಡುವುದು) ಇಪ್ಪತ್ತು ನಿಮಿಷ ಓಡಿದ ಮೇಲೆ ವಿಂಡೋಸ್ ನಿಂತು ನೀಲಿ ಪರದೆ. ಒಮ್ಮೆ ಅದರಲ್ಲಿ ಗ್ರಾಫಿಕ್ಸ್ ಡ್ರೈವರ್ ಫೈಲಿನ ಹೆಸರೇ ಕಂಡಿತು. ಕೇಳಿದವರೆಲ್ಲ ಡ್ರೈವರ್ ಸಮಸ್ಯೆ ಅಂದರು. ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಡ್ರೈವರ್ ಅಳಿಸುವ ಡಿಡಿಯು ಎಂಬ ಸಾಫ್ಟ್‌ವೇರ್ ಓಡಿಸಿ ಬೇರನ್ನೂ ಬಿಡದೆ ತೆಗೆದೆ. ಮೂರು ಹಳೆಯ ಡ್ರೈವರ್ ಹಾಕಿ ನೋಡಿದೆ. ವಿಂಡೋಸ್ ನಾಲ್ಕು ಸಲ ಹಾಕಿದೆ. ಹತ್ತು ದಿನ ಹೋಯಿತು. ಮಾನ್ವಿಯ ಒಂದು ಮದುವೆಯ ವಿಡಿಯೋ ಹೇಳಿದ ದಿನಕ್ಕೆ ಕೊಡಲಾಗದೆ 5 ಸಾವಿರ ಅಡ್ವಾನ್ಸ್ ವಾಪಸ್ ಕೊಟ್ಟೆ. ಆ ನೋವು ಈಗಲೂ ಇದೆ.

ಕೊನೆಗೆ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ. ಅದಕ್ಕೆ ವಿಂಡೋಸೂ ಬೇಡ, ಡ್ರೈವರೂ ಬೇಡ. ಅರ್ಧ ಗಂಟೆಯೊಳಗೆ ಪರದೆ ತುಂಬ ಕೆಂಪು ಎರರ್. ಒಂದೊಂದೇ ರ‍್ಯಾಮ್ ಹಾಕಿದರೆ ಎರಡೂ ಸರಿ. ಎರಡನ್ನೂ ಜೊತೆಗೆ ಹಾಕಿ ಬಯಾಸ್‌ನ ಎಕ್ಸ್‌ಎಂಪಿ ಸೆಟ್ಟಿಂಗ್‌ನಲ್ಲಿ 3200ರ ವೇಗ ಕೊಟ್ಟರೆ ಎರರ್. 2666ಕ್ಕೆ ಇಳಿಸಿದರೆ ರಾತ್ರಿಯಿಡೀ ಒಂದೂ ಇಲ್ಲ. ಬೇರೆ ಬೇರೆ ಕಂಪನಿಯ ಜೋಡಿ ಆ ವೇಗಕ್ಕೆ ಹೊಂದಲಿಲ್ಲ, ಅಷ್ಟೇ. ಡ್ರೈವರ್ ಸುಮ್ನೆ ಬೈಸಿಕೊಂಡಿತ್ತು. ಎರಡನ್ನೂ ಎರಡು ಸಾವಿರಕ್ಕೆ ಮಾರಿ, ಒಂದೇ ಪ್ಯಾಕೆಟ್ಟಿನ ಜೋಡಿ ಸುಮಾರು 3,900ಕ್ಕೆ ತಂದೆ. ಆಮೇಲೆ ಒಂದೂ ನೀಲಿ ಪರದೆ ಬಂದಿಲ್ಲ.

ನಡುವೆ ಲಿನಕ್ಸ್‌ನಲ್ಲೂ ಪ್ರಯತ್ನ ಮಾಡಿದೆ. ಗ್ರಾಫಿಕ್ಸ್ ಡ್ರೈವರ್ ಸಲೀಸಾಗಿ ಕೂತಿತು. ಆದರೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಅಲ್ಲಿ ಎಚ್.264 ಬಗೆಯ ವಿಡಿಯೋ ಓದಲಿಲ್ಲ. ನಮ್ಮ ಕ್ಯಾಮೆರಾ ಫೈಲೆಲ್ಲ ಅದೇ. ಪ್ರತಿ ಕ್ಲಿಪ್ಪನ್ನೂ ಬದಲಿಸಿಕೊಳ್ಳಲು ನನಗೆ ಪುರುಸೊತ್ತಿಲ್ಲ, ಬಿಟ್ಟೆ.

ಬಿಸಿಲಿನ ವಿಷಯ. 5600ಕ್ಕೆ ಮಿತಿ 90 ಡಿಗ್ರಿ. ಪ್ರೊಸೆಸರ್ ಜೊತೆಗೆ ಬಂದ ಕೂಲರ್ ಫ್ಯಾನ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ ರೆಂಡರ್ ಹೊತ್ತಿಗೆ 88 ಮುಟ್ಟುತ್ತಿತ್ತು. ಪಕ್ಕದಲ್ಲಿ ನೀರಿನ ಏರ್ ಕೂಲರ್ ಇಟ್ಟೆ. ಹದಿನೈದು ದಿನಕ್ಕೆ ಸ್ಕ್ರೂ ತುಕ್ಕು ಹಿಡಿಯಿತು, ಅದನ್ನು ಎತ್ತಿಟ್ಟೆ. ಆಮೇಲೆ ಬಯಾಸ್‌ನಲ್ಲಿ ಪ್ರೊಸೆಸರಿನ ವ್ಯಾಟ್ ಮಿತಿ ಇಳಿಸಿದೆ. ಮೂವತ್ತು ನಿಮಿಷದ ರೆಂಡರ್‌ಗೆ ಎರಡು ನಿಮಿಷ ಜಾಸ್ತಿ ಹಿಡಿಯಿತು, ಶಾಖ ಹನ್ನೆರಡು ಡಿಗ್ರಿ ಕಡಿಮೆಯಾಯಿತು. ಎಷ್ಟು ವ್ಯಾಟ್ ಅಂತ ಇಲ್ಲಿ ಬರೆಯುವುದಿಲ್ಲ. ನಾಲ್ಕು ರಾತ್ರಿ ಕೂತು ಹುಡುಕಿದ ಅಂಕಿ ಅದು. ಇನ್ನು ಅಕ್ಕಿ ಮಿಲ್ಲಿನ ಧೂಳು. ಕ್ಯಾಬಿನೆಟ್ ಮುಂದೆ ನಾನು ಕಟ್ಟಿರುವ ಬಟ್ಟೆ ಯಾವುದೆಂದು ಸ್ಟುಡಿಯೋಗೆ ಬಂದವರಿಗೆ ತೋರಿಸುತ್ತೇನೆ.

ಒಂದು ಮಾತು ಉಳಿಯಿತು. ಹೊರಗಿನ ಹಾರ್ಡ್ ಡಿಸ್ಕ್ ಕಾಪಿ ನಡುವೆ ಕಡಿದುಹೋಗುತ್ತಿತ್ತು. ಇದಕ್ಕೂ ಯುಎಸ್‌ಬಿ ಡ್ರೈವರ್ ಅಂದರು. ಆದರೆ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಮಲ್ಟಿಮೀಟರ್ ಹಿಡಿದೆ. ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ 18 ವೋಲ್ಟ್! ಅರ್ಥಿಂಗ್ ಗುಂಡಿ ಒಣಗಿ ಕಲ್ಲಾಗಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿದೆ. ಎರಡೂವರೆ ಸಾವಿರ ಆಯಿತು. ಈಗ ಎರಡು ವೋಲ್ಟಿನ ಒಳಗಿದೆ, ಡಿಸ್ಕ್ ಒಮ್ಮೆಯೂ ಕಡಿದಿಲ್ಲ. ಏಪ್ರಿಲ್ ಬಂತೆಂದರೆ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಹಾಕುತ್ತೇನೆ.