ತೂಕದ ಯಂತ್ರ, ಒತ್ತಕ್ಷರ, ಐದೂವರೆ ಗಂಟೆ: ಚಿಕ್ಕಮಗಳೂರಿನಲ್ಲಿ ಕೂತು ಬಗ್ ಹಿಡಿಯುವ ಕೆಲಸ

ಕಾಫಿ ಕೊಯ್ಲು ಶುರುವಾಯಿತೆಂದರೆ ನನ್ನ ಫೋನಿಗೆ ಪುರುಸೊತ್ತಿರುವುದಿಲ್ಲ. ಮೊದಲು ಅರೇಬಿಕಾ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಆಲ್ದೂರು, ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯಿಂದ ಒಂದಲ್ಲ ಒಂದು ಕರೆ ಬರುತ್ತಲೇ ಇರುತ್ತದೆ. ನಾನು ಮಾಡುವುದು ಎರಡು ಬಗೆಯ ಕೆಲಸ. ಕಾಫಿ ಖರೀದಿ ಮಾಡುವ ವ್ಯಾಪಾರಿಗಳಿಗೆ ತೂಕದ ಯಂತ್ರಕ್ಕೆ ಜೋಡಿಸುವ ಡೆಸ್ಕ್‌ಟಾಪ್ ತಂತ್ರಾಂಶ. ತೋಟಗಳಿಗೆ ಚೆಕ್‌ರೋಲ್ (ಕೂಲಿಯಾಳುಗಳ ಹಾಜರಿ ಪುಸ್ತಕ) ಬರೆದುಕೊಳ್ಳುವ ವೆಬ್ ಆ್ಯಪ್. ಕರೆ ಮಾಡಿದವರು ಹೇಳುವುದು ಮಾತ್ರ ಒಂದೇ ಮಾತು: "ನಿಮ್ಮ ಸಾಫ್ಟ್‌ವೇರ್ ಸರಿ ಇಲ್ಲ ಮಾರಾಯ್ರೆ."

ಇದಕ್ಕೆ "ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಇದೆಯಲ್ಲ" ಎಂದು ಉತ್ತರ ಕೊಡುವ ಪ್ರೋಗ್ರಾಮರ್‌ಗಳು ಬಹಳ. ಆ ಉತ್ತರ ಸುಳ್ಳಲ್ಲ, ಆದರೆ ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ನಾನು ಪಾಲಿಸುವ ಕ್ರಮ ಬೇರೆ. ಅವರ ಲ್ಯಾಪ್‌ಟಾಪಿನ ಸ್ಕ್ರೀನ್ ಅಳತೆ, ಅವರ ನೆಟ್‌ನ ವೇಗ, ಅವರು ಟೈಪ್ ಮಾಡುವ ಕೀಬೋರ್ಡ್, ಅವರ ತಕ್ಕಡಿ ಕಳಿಸುವ ಡೇಟಾ ಇಷ್ಟೂ ನನ್ನ ಮೇಜಿಗೆ ಬಂದು, ಅದೇ ತಪ್ಪು ನನ್ನ ಕಣ್ಣೆದುರು ಆಗುವವರೆಗೆ ಕೋಡ್‌ನ ಒಂದು ಸಾಲನ್ನೂ ಮುಟ್ಟುವುದಿಲ್ಲ. ತಪ್ಪು ಮರುಕಳಿಸಿತೆಂದರೆ ಅರ್ಧ ಕೆಲಸ ಮುಗಿದಂತೆ.

ತೂಕದ ಯಂತ್ರದ್ದೇ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಯ ಹಿಂದೆ ಆರ್‌ಎಸ್ 232 ಎಂಬ, ಡೇಟಾ ಕಳಿಸುವ ಹಳೆಯ ಬಗೆಯ ಪೋರ್ಟ್ ಇರುತ್ತದೆ. ಅದರಿಂದ ಯುಎಸ್‌ಬಿ ಕನ್ವರ್ಟರ್ ಮೂಲಕ ಕಂಪ್ಯೂಟರಿಗೆ ತೂಕ ಬರುತ್ತಲೇ ಇರುತ್ತದೆ. ಸಿ ಶಾರ್ಪ್ ಭಾಷೆಯಲ್ಲಿ ವಿಂಡೋಸ್ ಕಿಟಕಿಗಳನ್ನು ಕಟ್ಟುವ ವಿನ್‌ಫಾರ್ಮ್ಸ್‌ನಲ್ಲಿ, ಪೋರ್ಟ್ ಓದುವ ಸೀರಿಯಲ್‌ಪೋರ್ಟ್ ಕ್ಲಾಸ್ ಇಟ್ಟುಕೊಂಡು, ಡೇಟಾ ಬಂದಾಗ ಎಬ್ಬಿಸುವ ಈವೆಂಟ್‌ನಲ್ಲಿ ಓದಿ ಟೆಕ್ಸ್ಟ್‌ಬಾಕ್ಸಿಗೆ ಹಾಕಿದರೆ ಮುಗಿಯಿತು ಎನಿಸುತ್ತದೆ. ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ 52.40 ಕೆಜಿ ಚೀಲ ಇಟ್ಟರೆ ಆಗೊಮ್ಮೆ ಈಗೊಮ್ಮೆ 2.40 ಎಂದು ತೋರಿಸುತ್ತಿತ್ತು. ಚೀಲಕ್ಕೆ 50 ಕೆಜಿ ಮಾಯವಾದರೆ ಬೆಳೆಗಾರ ಸುಮ್ಮನಿರುತ್ತಾನೆಯೇ! ಎಲ್ಲರೂ ಬೈದದ್ದು ತಕ್ಕಡಿಯನ್ನೇ. ತಕ್ಕಡಿ ಸರಿಯಾಗಿತ್ತು.

ನಾನು ಆ ಯಂತ್ರ ಕಳಿಸುವುದನ್ನು ಹಾಗೆಯೇ, ಒಂದು ಬೈಟ್ ಬಿಡದೆ ಫೈಲಿಗೆ ಬರೆಯುವ ಸಣ್ಣ ಪ್ರೋಗ್ರಾಮ್ ಅಲ್ಲಿ ಹಾಕಿ ಬಂದೆ. ಆಫೀಸಿನಲ್ಲಿ ಕಾಮ್‌ಝೀರೋಕಾಮ್ ಎಂಬ ಉಚಿತ ತಂತ್ರಾಂಶದಿಂದ ಜೋಡಿ ಪೋರ್ಟ್ ಸೃಷ್ಟಿಸಿ, ಒಂದು ತುದಿಯಿಂದ ಆ ಫೈಲನ್ನು ತುಣುಕು ತುಣುಕಾಗಿ ಕಳಿಸಿದೆ, ಇನ್ನೊಂದು ತುದಿಯಲ್ಲಿ ನಮ್ಮ ಆ್ಯಪ್. ತಪ್ಪು ತಕ್ಷಣ ಕಂಡಿತು. ಈವೆಂಟ್ ಎದ್ದಾಗ ಪೂರ್ತಿ ಸಾಲು ಬಂದಿರಬೇಕೆಂಬ ನಿಯಮವೇನೂ ಇಲ್ಲ. "0005" ಒಂದು ಸಲ, "2.40" ಇನ್ನೊಂದು ಸಲ ಬರಬಹುದು. ಬಂದಷ್ಟನ್ನು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂಡಿಹಾಕಿ, ಸಾಲು ಮುಗಿಯುವ ಗುರುತು ಸಿಕ್ಕ ಮೇಲಷ್ಟೇ ಕತ್ತರಿಸಿ, ಉದ್ದ ಸರಿಯಿದೆಯೇ ನೋಡಿ, ಆಮೇಲೆ ಸಂಖ್ಯೆಯಾಗಿಸಬೇಕು. ಉದ್ದ ತಪ್ಪಿದ ಸಾಲನ್ನು ಎಸೆದುಬಿಡುವುದೇ ಕ್ಷೇಮ. ತಕ್ಕಡಿ ಮರುಕ್ಷಣ ಇನ್ನೊಂದು ಕಳಿಸುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಈ ಡೇಟಾ ಬರುವ ಈವೆಂಟ್ ನಡೆಯುವುದು ಸ್ಕ್ರೀನನ್ನು ನೋಡಿಕೊಳ್ಳುವ ಥ್ರೆಡ್ಡಿನಲ್ಲಲ್ಲ (ಥ್ರೆಡ್ ಎಂದರೆ ಪ್ರೋಗ್ರಾಮ್ ಒಳಗೆ ಸಮಾನಾಂತರವಾಗಿ ಓಡುವ ಕೆಲಸದ ಎಳೆ), ಬೇರೊಂದರಲ್ಲಿ. ಅಲ್ಲಿಂದ ಟೆಕ್ಸ್ಟ್‌ಬಾಕ್ಸ್ ಮುಟ್ಟಿದರೆ ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋದಲ್ಲಿ ‘ಕ್ರಾಸ್ ಥ್ರೆಡ್ ಆಪರೇಷನ್’ ಎಂದು ಎಕ್ಸೆಪ್ಷನ್ (ದೋಷಸೂಚನೆ) ಬಂದು ನಿಲ್ಲುತ್ತದೆ. ಗಮನಿಸಬೇಕಾದ ಸಂಗತಿ ಎಂದರೆ, ಈ ತಪಾಸಣೆ ತಾನಾಗಿ ಚಾಲೂ ಆಗುವುದು ತಪ್ಪು ಹುಡುಕುವ ಡಿಬಗ್ಗರ್ ಅಂಟಿಕೊಂಡಿದ್ದಾಗ ಮಾತ್ರ. ಗ್ರಾಹಕರ ಬಳಿ ಓಡುವ ಇಎಕ್ಸ್‌ಇ ಏನೂ ಹೇಳುವುದಿಲ್ಲ. ಬೆಳಿಗ್ಗೆಯಿಂದ ಚೆನ್ನಾಗಿದ್ದು ಮಧ್ಯಾಹ್ನ ಯಾವಾಗಲೋ ಗ್ರಿಡ್ ಬಿಳಿಯಾಗಿ ಕೂರುತ್ತದೆ. ಆ ತಪಾಸಣೆಯನ್ನೇ ಫಾಲ್ಸ್ ಮಾಡಿಬಿಡಿ ಎಂಬ ಒಂದು ಸಾಲಿನ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ದಯವಿಟ್ಟು ಬೇಡ. ಎಚ್ಚರಿಕೆ ನಿಲ್ಲುತ್ತದೆ, ತಪ್ಪು ನಿಲ್ಲುವುದಿಲ್ಲ.

ಸರಿಯಾದ ದಾರಿ, ಕಂಟ್ರೋಲ್‌ನ (ಟೆಕ್ಸ್ಟ್‌ಬಾಕ್ಸ್, ಬಟನ್‌ನಂಥ ಸ್ಕ್ರೀನಿನ ಘಟಕದ) ಇನ್‌ವೋಕ್ ಅಥವಾ ಬಿಗಿನ್‌ಇನ್‌ವೋಕ್ ಕರೆದು ಕೆಲಸವನ್ನು ಸ್ಕ್ರೀನ್ ಥ್ರೆಡ್ಡಿಗೆ ಒಪ್ಪಿಸುವುದು. ಎರಡೂ ಒಂದೇ ಎಂದುಕೊಂಡವರಿಗೆ ಕಿಟಕಿ ಮುಚ್ಚುವಾಗ ಗೊತ್ತಾಗುತ್ತದೆ. ಇನ್‌ವೋಕ್ ಎಂದರೆ ಕೆಲಸ ಒಪ್ಪಿಸಿ ಅದು ಮುಗಿಯುವವರೆಗೆ ಕಾಯುವುದು. ಬಳಕೆದಾರರು ಕ್ಲೋಸ್ ಒತ್ತಿದಾಗ ಸ್ಕ್ರೀನ್ ಥ್ರೆಡ್ ಪೋರ್ಟನ್ನು ಮುಚ್ಚಲು ಹೋಗುತ್ತದೆ. ಪೋರ್ಟ್ ಮುಚ್ಚಬೇಕಾದರೆ ನಡೆಯುತ್ತಿರುವ ಈವೆಂಟ್ ಮುಗಿಯಬೇಕು. ಈವೆಂಟ್ ಮುಗಿಯಬೇಕಾದರೆ ಸ್ಕ್ರೀನ್ ಥ್ರೆಡ್ ಬಿಡುವಾಗಬೇಕು. ಚಾರ್ಮಾಡಿ ತಿರುವಿನಲ್ಲಿ ಎದುರುಬದುರಾದ ಲಾರಿಗಳ ಹಾಗೆ ಎರಡೂ ನಿಂತುಬಿಡುತ್ತವೆ. ಮೇಲೆ ‘ನಾಟ್ ರೆಸ್ಪಾಂಡಿಂಗ್’.

ಇಂಥ ಸ್ತಬ್ಧತೆ ಬಂದಾಗ ಊಹೆ ಮಾಡುತ್ತ ಕೂರಬೇಡಿ. ಆ್ಯಪ್ ನಿಂತಿರುವಾಗಲೇ ವಿಷುಯಲ್ ಸ್ಟುಡಿಯೋದಲ್ಲಿ ‘ಬ್ರೇಕ್ ಆಲ್’ ಒತ್ತಿ, ಥ್ರೆಡ್ಸ್ ಕಿಟಕಿ ತೆರೆದು ಒಂದೊಂದರ ಕಾಲ್ ಸ್ಟ್ಯಾಕ್, ಅಂದರೆ ಅದು ಯಾವ ಫಂಕ್ಷನ್‌ಗಳ ಮೂಲಕ ಬಂದು ಎಲ್ಲಿ ನಿಂತಿದೆ ಎಂಬ ಪಟ್ಟಿ ನೋಡಿ. ನಮ್ಮದರಲ್ಲಿ ಒಂದು ಥ್ರೆಡ್ ಕ್ಲೋಸ್ ಮೇಲೆ ನಿಂತಿತ್ತು, ಇನ್ನೊಂದು ಇನ್‌ವೋಕ್ ಮೇಲೆ. ಇನ್ನೇನು ಸಾಕ್ಷಿ ಬೇಕು? ಬಿಗಿನ್‌ಇನ್‌ವೋಕ್ ಕಾಯುವುದಿಲ್ಲವಾದ್ದರಿಂದ ಅದನ್ನು ಹಾಕಿದೆ. ಜೊತೆಗೆ, ಮುಚ್ಚುವ ಮುನ್ನ ಈವೆಂಟ್ ಹ್ಯಾಂಡ್ಲರನ್ನು ಬಿಚ್ಚಿ, ಸರದಿಯಲ್ಲಿ ಉಳಿದ ಕೆಲಸ ಬಂದಾಗ ಫಾರ್ಮ್ ಇನ್ನೂ ಬದುಕಿದೆಯೇ ಎಂದು ಕೇಳಿಕೊಳ್ಳುವ ಸಾಲೂ ಬೇಕು. ಇಲ್ಲದಿದ್ದರೆ ಸತ್ತ ಕಂಟ್ರೋಲನ್ನು ಮುಟ್ಟಿದ ಎಕ್ಸೆಪ್ಷನ್ ಬರುತ್ತದೆ.

ಇನ್ನು ಕನ್ನಡ. ಇದರ ತಾಪತ್ರಯ ಬೇರೆ ಊರಿನ ಪ್ರೋಗ್ರಾಮರ್‌ಗಳಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. "ಕನ್ನಡ ಬರ್ತಿಲ್ಲ" ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು ಸ್ಕ್ರೀನಿನ ಫೋಟೊ. ಕೆಟ್ಟಿರುವ ರೂಪವೇ ಕಾರಣ ಹೇಳುತ್ತದೆ. ಚೌಕ ಚೌಕ ಕಂಡರೆ ಡೇಟಾ ಕ್ಷೇಮ, ಫಾಂಟ್ ಇಲ್ಲ ಅಷ್ಟೆ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಎದೆ ಧಸಕ್ಕೆನ್ನಬೇಕು. ಅಕ್ಷರ ಉಳಿಸುವಾಗಲೇ ಹಾಳಾಗಿದೆ, ಮರಳಿ ಬರುವುದಿಲ್ಲ. ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ವಾರ್‌ಕಾರ್ (ಕೋಡ್‌ಪೇಜ್ ಅಕ್ಷರಗಳ ಬಗೆ) ಆಗಿದ್ದರೆ, ಅಥವಾ ಎನ್‌ವಾರ್‌ಕಾರ್ (ಯೂನಿಕೋಡ್ ಬಗೆ) ಆಗಿದ್ದೂ ಕ್ವೆರಿಯೊಳಗಿನ ಹೆಸರಿಗೆ ಮೊದಲು ‘ಎನ್’ ಇಲ್ಲದಿದ್ದರೆ ಸಾಮಾನ್ಯವಾಗಿ ಹೀಗಾಗುತ್ತದೆ. ಕೋಡ್‌ಪೇಜ್ ಎಂದರೆ ಭಾಷೆಯೊಂದರ ಅಕ್ಷರಗಳಿಗೆ ಸಂಖ್ಯೆ ಹಂಚುವ ಹಳೆಯ ಕಾಲದ ಪಟ್ಟಿ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಇಂಥ ಎಎನ್‌ಎಸ್‌ಐ ಕೋಡ್‌ಪೇಜ್ ಇಲ್ಲ, ಎಲ್ಲ ಭಾಷೆಗಳ ಅಕ್ಷರಗಳನ್ನೂ ಒಳಗೊಂಡ ಯೂನಿಕೋಡ್ ಒಂದೇ ಗತಿ. ಹೆಸರನ್ನು ಕ್ವೆರಿಗೆ ಅಂಟಿಸದೆ ಪ್ಯಾರಾಮೀಟರ್ ಮಾಡಿ ಕಳಿಸಿದರೆ ಈ ‘ಎನ್’ ಚಿಂತೆಯೂ ತಪ್ಪುತ್ತದೆ.

ಮೂರನೆಯ ರೂಪ: ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ‘ಎ’, ಅದರ ಪಕ್ಕ ಮೇಲಕ್ಕೆ ಹಾರಿದ ಸಣ್ಣ 2 ಅಥವಾ 3, ಮತ್ತೇನೋ ಒಂದು, ಪುನಃ ಅದೇ ‘ಎ’. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್ 8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಮೊದಲ ಬೈಟ್ ಯಾವಾಗಲೂ ಒಂದೇ. ಅದನ್ನು ಪಶ್ಚಿಮ ಯುರೋಪಿನ ಕೋಡ್‌ಪೇಜ್ ಎಂದು ತಪ್ಪಾಗಿ ಓದಿದಾಗ ಈ ಮೆರವಣಿಗೆ. ಡೇಟಾ ಚೆನ್ನಾಗಿಯೇ ಇರುತ್ತದೆ, ಓದುವವರಿಗೆ ಭಾಷೆ ತಿಳಿಸಿಲ್ಲ ಅಷ್ಟೆ. ಸಿಎಸ್‌ವಿ ಫೈಲ್ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕಾಣುವುದು ಇದೇ. ಫೈಲಿನ ತಲೆಗೆ ಇದು ಯುಟಿಎಫ್ 8 ಎಂದು ತಿಳಿಸುವ ಬಿಒಎಂ ಎನ್ನುವ 3 ಬೈಟ್ ಸೇರಿಸಿದರೆ ಸರಿ.

‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಕಾರ್ಮಿಕರ ಪಟ್ಟಿಗಳದ್ದು ಇನ್ನೊಂದು ಕಥೆ. ಅಲ್ಲಿರುವುದು ಇಂಗ್ಲಿಷ್ ಸಂಕೇತಗಳು, ಕನ್ನಡದ ವೇಷ ಹಾಕುವುದು ಫಾಂಟ್. ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೂ ಅರ್ಕಾವತ್ತನ್ನು ಕಣ್ಣಿಟ್ಟು ನೋಡಬೇಕು. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರುತ್ತದೆ. ಸೂರ್ಯ, ಧರ್ಮಯ್ಯ, ಪಾರ್ವತಿ ಸರಿಯಾಗಿ ಬಂದರೆ ಉಳಿದವರೂ ಬಹುಪಾಲು ಸರಿಯಾಗಿರುತ್ತಾರೆ.

ನನ್ನ ಪರೀಕ್ಷೆಯ ಹೆಸರು ಮಾತ್ರ ಲಕ್ಷ್ಮಮ್ಮ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ಗೆ 9 ಸಂಕೇತ. ಯುಟಿಎಫ್ 8ರಲ್ಲಿ 27 ಬೈಟ್. ಚೀಟಿಯಲ್ಲಿ ಜಾಗ ಸಾಲದೆಂದು ಹೆಸರನ್ನು ಸಬ್‌ಸ್ಟ್ರಿಂಗ್ ಹಾಕಿ ಎಂಟಕ್ಕೆ ಕತ್ತರಿಸಿದರೆ ‘ಲಕ್ಷ್ಮಮ್’ ಎಂದು ಅರ್ಧಕ್ಕೆ ನಿಲ್ಲುತ್ತಾಳೆ. ವೆಬ್‌ನಲ್ಲಾದರೆ ಕತ್ತರಿಸುವ ಕೆಲಸವನ್ನು ಪುಟದ ರೂಪ ಹೇಳುವ ಸಿಎಸ್‌ಎಸ್‌ನ ಟೆಕ್ಸ್ಟ್ ಓವರ್‌ಫ್ಲೋಗೆ ಬಿಡಿ. ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್ ಒಳಗೆ ಅದು ಕೆಲಸ ಮಾಡದೆ ಹೆಸರು ಉದ್ದಕ್ಕೆ ಬೆಳೆದು ‘ಉಳಿಸು’ ಬಟನ್ನನ್ನು ಸ್ಕ್ರೀನಿನಾಚೆ ತಳ್ಳಿದರೆ, ಆ ಪೆಟ್ಟಿಗೆಗೆ ಮಿನ್ ವಿಡ್ತ್ ಸೊನ್ನೆ ಎಂದು ಬರೆಯಬೇಕು.

ಅದೇ ಹೆಸರು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ‘ಲಕಮ’ ಎಂದು ಕಾಣುತ್ತಿತ್ತು. ಒತ್ತಕ್ಷರಗಳಷ್ಟೂ ಲೇಬಲ್‌ನ ಕೆಳ ಅಂಚಿಗೆ ಸಿಕ್ಕಿ ಮಾಯ. ವಿನ್‌ಫಾರ್ಮ್ಸ್‌ನ ಹಳೆಯ ಡಿಫಾಲ್ಟ್ ಅಕ್ಷರ 8.25 ಪಾಯಿಂಟ್, ಲೇಬಲ್‌ನ ಎತ್ತರ 13 ಪಿಕ್ಸೆಲ್. ಇಂಗ್ಲಿಷಿಗೆ ಹೊಲಿದ ಅಂಗಿ ಅದು. ಮೇಲಾಗಿ ಈಗಿನ ಹಲವು ಲ್ಯಾಪ್‌ಟಾಪ್‌ಗಳು 125 ಶೇಕಡಾ ಸ್ಕೇಲಿಂಗ್‌ನಲ್ಲಿ ಬರುತ್ತವೆ, ಅಂದರೆ 96 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಬದಲು 120. ಇಲ್ಲೂ ರೂಪ ನೋಡಿ ಕಾರಣ ಹಿಡಿಯಬಹುದು. ಎಲ್ಲವೂ ಮಸುಕಾಗಿ ಕಂಡರೆ ಆ್ಯಪ್ ತನಗೆ ಡಿಪಿಐ ಗೊತ್ತು ಎಂದು ವಿಂಡೋಸ್‌ಗೆ ಹೇಳಿಲ್ಲ, ವಿಂಡೋಸ್ ಚಿತ್ರ ಹಿಗ್ಗಿಸಿದ ಹಾಗೆ ಹಿಗ್ಗಿಸುತ್ತಿದೆ. ಅಕ್ಷರ ಸ್ಪಷ್ಟವಾಗಿದ್ದು ಅಂಚು ಮಾತ್ರ ಕತ್ತರಿಸಿದ್ದರೆ ನಮ್ಮ ಲೇಔಟ್‌ನಲ್ಲಿ ಎತ್ತರ ಬಿಗಿಯಾಗಿದೆ. ಫಾಂಟನ್ನು ನಿರ್ಮಲಾ ಯುಐ ಎಂದು ನಾವೇ ಹೇಳಿ, ಲೇಬಲ್‌ಗಳಿಗೆ ಆಟೋಸೈಜ್ ಕೊಟ್ಟು, ಟೇಬಲ್ ಲೇಔಟ್ ಪ್ಯಾನೆಲ್ ಒಳಗೆ ಕೂರಿಸಿದ ಮೇಲೆ ಲಕ್ಷ್ಮಮ್ಮ ಪೂರ್ತಿಯಾದಳು. ಸಿಎಸ್‌ಎಸ್‌ನಲ್ಲಿ ಲೈನ್ ಹೈಟ್ 1 ಇಟ್ಟು ಓವರ್‌ಫ್ಲೋ ಹಿಡನ್ ಮಾಡಿದರೂ ಇದೇ ಗತಿ, ಕನ್ನಡಕ್ಕೆ 1.6ಕ್ಕಿಂತ ಕಡಿಮೆ ನಾನು ಕೊಡುವುದಿಲ್ಲ.

ವೆಬ್ ಕಡೆ ನನಗೆ ಬಹಳ ಇಷ್ಟವಾದ ಬಗ್ ತಾರೀಖಿನದು. ತೋಟದ ರೈಟರು (ಲೆಕ್ಕ ಬರೆಯುವವರು) ಜನವರಿ 15ರ ಹಾಜರಿ ಹಾಕಿದರೆ 14ಕ್ಕೆ ಕೂರುತ್ತಿತ್ತು. ಆದರೆ ಎಲ್ಲಾ ಅಲ್ಲ. ಅವತ್ತಿನದನ್ನು ಅವತ್ತೇ ಹಾಕಿದರೆ ಸರಿ; ನಿನ್ನೆಯದನ್ನು ಕ್ಯಾಲೆಂಡರಿನಿಂದ ಆರಿಸಿದರೆ ತಪ್ಪು. ಕಾರಣ, ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಭಾರತದ ಸಮಯ ಮುಂದಿರುವ ಐದೂವರೆ ಗಂಟೆ. ನಮ್ಮ ಕ್ಯಾಲೆಂಡರ್ ಘಟಕ ಆರಿಸಿದ ದಿನಕ್ಕೆ ನಮ್ಮ ಮಧ್ಯರಾತ್ರಿ 12 ಗಂಟೆಯ ಡೇಟ್ ಕೊಡುತ್ತಿತ್ತು. ಅದನ್ನು ಸರ್ವರಿಗೆ ಕಳಿಸುವ ಟುಐಎಸ್‌ಒಸ್ಟ್ರಿಂಗ್ ಫಂಕ್ಷನ್ ಯುಟಿಸಿಗೆ ಬದಲಾಯಿಸುತ್ತದೆ. ಆಗ ಅದು ಹಿಂದಿನ ದಿನದ 18:30. ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡರೆ 14ನೇ ತಾರೀಖು. ಬೆಳಿಗ್ಗೆ ಹತ್ತು ಗಂಟೆಗೆ ‘ಈಗಿನ ಸಮಯ’ ತೆಗೆದುಕೊಂಡರೆ ಯುಟಿಸಿಯಲ್ಲೂ ಅದೇ ದಿನ, ಆದ್ದರಿಂದಲೇ ಆಫೀಸಿನ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಹಾಜರಿಗೆ ಗಂಟೆ ನಿಮಿಷದ ಗೊಡವೆಯೇ ಇಲ್ಲ. ಡೇಟ್ ಆಬ್ಜೆಕ್ಟ್ ಮಾಡದೆ, ವರ್ಷ-ತಿಂಗಳು-ದಿನ ಎಂಬ ಅಕ್ಷರಸಾಲಾಗಿಯೇ ಇಟ್ಟು ಡೇಟಾಬೇಸ್‌ನ ಡೇಟ್ ಕಾಲಮ್ಮಿಗೆ ಹಾಕಿದೆ. ಅಮೆರಿಕದಲ್ಲಿರುವ ಮಾಲೀಕರ ಮಗ ಅಲ್ಲಿಂದ ಲೆಕ್ಕ ನೋಡಿದರೂ 15 ಈಗ 15ಆಗಿಯೇ ಕಾಣುತ್ತದೆ.

ನಿಧಾನದ ನೆಟ್ ಬೇರೆಯದೇ ತಪ್ಪುಗಳನ್ನು ಹೊರಗೆಳೆಯುತ್ತದೆ. ಹೆಸರು ಹುಡುಕುವ ಪೆಟ್ಟಿಗೆಯಲ್ಲಿ ‘ಲ’ ಎಂದಾಗ ಒಂದು ಕೋರಿಕೆ, ‘ಲಕ್ಷ್ಮ’ ಎಂದಾಗ ಇನ್ನೊಂದು ಹೋಗುತ್ತದೆ. ಮೊದಲನೆಯದರ ಉತ್ತರ ತಡವಾಗಿ ಬಂದು ಎರಡನೆಯದರ ಮೇಲೆ ಕೂತರೆ ಪಟ್ಟಿ ತಪ್ಪು. ಟೈಪಿಂಗ್ ನಿಲ್ಲುವವರೆಗೆ ಕಾಯುವ ಡಿಬೌನ್ಸ್ ಇದನ್ನು ಕಡಿಮೆ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹೊಸದು ಹೊರಟಾಗ ಹಳೆಯದನ್ನು ಅಬಾರ್ಟ್ ಕಂಟ್ರೋಲರ್‌ನಿಂದ ರದ್ದು ಮಾಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಟೈಪ್ ಮಾಡುವಾಗ ಕೀ ಒತ್ತಿದ್ದನ್ನು ತಿಳಿಸುವ ಕೀಡೌನ್ ಈವೆಂಟ್ 229 ಎಂಬ ಒಂದೇ ಸಂಖ್ಯೆ ಹೇಳುತ್ತಿರುತ್ತದೆ, ಅದನ್ನು ನಂಬದೆ ಇನ್‌ಪುಟ್ ಈವೆಂಟ್ ಹಿಡಿಯಿರಿ. ಇವೆಲ್ಲ ಕಾಣಬೇಕಾದರೆ ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬಿಗೆ ಹೋಗಿ ವೇಗವನ್ನು 3ಜಿಗೆ ಇಳಿಸಿ ಕೆಲಸ ಮಾಡಿ. ಆಫೀಸಿನ ಫೈಬರ್‌ನಲ್ಲಿ ಎಲ್ಲವೂ ಚೆಂದ.

ಅದೇ ನಿಧಾನದಿಂದ ಒಂದೇ ತೂಕ ಎರಡು ಸಲ ಉಳಿಯುವುದೂ ಉಂಟು. ಚಕ್ರ ತಿರುಗುತ್ತಿರುವಾಗ ಬಟನ್ನನ್ನು ಇನ್ನೊಮ್ಮೆ ಒತ್ತದವರು ಯಾರು? ಬಟನ್ ನಿಷ್ಕ್ರಿಯ ಮಾಡಿದರೆ ಅರ್ಧ ಪರಿಹಾರ. ಸರ್ವರ್ ಉಳಿಸಿಕೊಂಡು, ಉತ್ತರ ದಾರಿಯಲ್ಲಿ ಕಳೆದುಹೋಗಿ, ರೈಟರು ಮತ್ತೆ ಕಳಿಸಿದರೆ? ಅದಕ್ಕೇ ಪ್ರತಿ ಚೀಟಿಗೂ ಬ್ರೌಸರಿನಲ್ಲೇ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತು) ಹುಟ್ಟಿಸಿ, ಡೇಟಾಬೇಸ್‌ನಲ್ಲಿ ಅದಕ್ಕೆ ಯುನೀಕ್ ನಿರ್ಬಂಧ ಹಾಕಿದ್ದೇನೆ. ಎರಡನೆಯ ಸಲ ಬಂದರೆ ಸರ್ವರ್ ಹಳೆಯ ಚೀಟಿಯನ್ನೇ ಮರಳಿಸುತ್ತದೆ. ತೂಕಗಳನ್ನು ಗ್ರಾಂ ಲೆಕ್ಕದ ಪೂರ್ಣಾಂಕವಾಗಿ ಕೂಡುತ್ತೇನೆ. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ, ಅದನ್ನು ಚೀಟಿಯ ಮೇಲೆ ನೋಡಿದ ಬೆಳೆಗಾರರಿಗೆ ಬೈನರಿ ಭಿನ್ನರಾಶಿಯ ಪಾಠ ಹೇಳಲು ನನಗಂತೂ ಧೈರ್ಯವಿಲ್ಲ.

ಕೊನೆಯದಾಗಿ, ಸರಿಪಡಿಸಿದ ಮೇಲೂ "ಹಾಗೇ ಇದೆ" ಎನ್ನುವ ಕರೆಗಳು. ಇವುಗಳಲ್ಲಿ ಹೆಚ್ಚಿನವು ಹಳೆಯ ಫೈಲ್‌ಗಳು ಬ್ರೌಸರಿನ ಉಳಿತಾಯದ ಜಾಗವಾದ ಕ್ಯಾಶ್‌ನಲ್ಲಿ ಉಳಿದಿದ್ದರಿಂದ. ನೆಟ್ ಇಲ್ಲದಾಗಲೂ ನಡೆಯಲೆಂದು ಬ್ರೌಸರಿನಲ್ಲಿ ಕೂತು ಫೈಲ್ ಒದಗಿಸುವ ಸರ್ವಿಸ್ ವರ್ಕರ್ ಹಾಕಿದ್ದರೆ ಸಾಮಾನ್ಯ ರಿಫ್ರೆಶ್‌ಗೂ ಅದು ಜಗ್ಗುವುದಿಲ್ಲ. ಒಳಗಿನದು ಬದಲಾದರೆ ತಾನೂ ಬದಲಾಗುವ ಹ್ಯಾಶ್ ಎಂಬ ಗುರುತನ್ನು ಫೈಲ್ ಹೆಸರಿಗೇ ಸೇರಿಸುವಂತೆ ಬಿಲ್ಡ್ ಬದಲಿಸಿದೆ, ಹೊಸದು ಬಂದಾಗ ‘ಹೊಸ ಆವೃತ್ತಿ ಇದೆ, ಒತ್ತಿ’ ಎಂಬ ಪಟ್ಟಿ ಮೇಲೆ ಬರುವಂತೆ ಮಾಡಿದೆ. ಆವೃತ್ತಿ ಸಂಖ್ಯೆ ಈಗ ಡೆಸ್ಕ್‌ಟಾಪ್ ಕಿಟಕಿಯ ತಲೆಬರಹದಲ್ಲೂ ವೆಬ್ ಪುಟದ ಮೂಲೆಯಲ್ಲೂ ದೊಡ್ಡದಾಗಿ ಇದೆ. ಕರೆ ಬಂದರೆ ಮೊದಲು ಅದನ್ನು ಓದಿಸುತ್ತೇನೆ, ಆಮೇಲೆ ಫೋಟೊ ಕಳಿಸಿ ಎನ್ನುತ್ತೇನೆ.