ಮೊದಲು ಕಾಗದ, ಆಮೇಲೆ ಕೈಯಲ್ಲೊಂದು ಟಾರ್ಚು

ತೀರ್ಥಹಳ್ಳಿ ಕಡೆ ನಮ್ಮದು ತೋಟದ ಮನೆ. ಕಷ್ಟದಲ್ಲಿರುವ ಮಕ್ಕಳು ನಾಲ್ಕಾರು ದಿನ ಇದ್ದು ಹೋಗುತ್ತಾರೆ. "ನಾವೂ ಇಟ್ಟುಕೊಳ್ಳಬಹುದಾ?" ಅಂತ ಕೇಳುವವರಿಗೆ ಮೊದಲ ಮಾತು: ಕಾಗದ ಇಲ್ಲದೆ ಬೇಡ.

ದಿಕ್ಕಿಲ್ಲದ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಹೋಗುವುದಿಲ್ಲ. ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕು. ಯಾರಿಗೂ ತಿಳಿಸದೆ ಸುಮ್ನೆ ಮನೆಯಲ್ಲಿಟ್ಟುಕೊಂಡರೆ ಅದು ಉಪಕಾರ ಅಲ್ಲ, ಅಪರಾಧ.

ಮನೆ ಕೊಡುವ ಮನಸ್ಸಿದ್ದರೆ ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮೊದಲೇ ವಿಚಾರಿಸಿ. 2015ರ ಬಾಲನ್ಯಾಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ಪೂರ್ವಾಪರ ನೋಡಿ 'ಯೋಗ್ಯ ವ್ಯಕ್ತಿ' ಅಂತ ಒಪ್ಪುವುದು ಸಮಿತಿ. ನಾನು ಹೇಳಿದ ಕಾಗದ ಅಂದರೆ ಸಮಿತಿಯ ಈ ಆದೇಶವೇ, ಎಷ್ಟು ದಿನ ಅನ್ನುವುದೂ ಅದರಲ್ಲೇ ಇರುತ್ತದೆ. ಮನೆ ನೋಡಲು ಘಟಕದವರು ಬರುವ ಮುಂಚೆ ನೀವೇ ಸುತ್ತಿ ನೋಡಿ. ಬಾವಿಗೆ ಕಟ್ಟೆ ಇದೆಯಾ? ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತ, ಕತ್ತಿ ಬೀಗದೊಳಗಿವೆಯಾ?

ಮಗು ಬಂದ ಮೊದಲ ರಾತ್ರಿ ಉಪಚಾರ ಜಾಸ್ತಿ ಬೇಡ. ಬಚ್ಚಲ ದಾರಿ ತೋರಿಸಿ, ಅದರದ್ದೇ ಅಂತ ಒಂದು ಟಾರ್ಚು ಕೊಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ? ಕತ್ತಲಲ್ಲಿ ಯಾರನ್ನೂ ಎಬ್ಬಿಸದೆ ಎದ್ದು ಹೋಗಿ ಬರುವ ಹಾಗಿರಬೇಕು. ಅನ್ನ, ಸಾರು, ಹಪ್ಪಳ ಸಾಕು. "ಏನಾಯ್ತು ಮಗಾ?" ಅಂತ ಮಾತ್ರ ಕೇಳಬೇಡಿ. ಕರುವಿಗೆ ಹುಲ್ಲು ಹಾಕುವಾಗ ಅದಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಘಟಕದವರಿಗೆ ಹೇಳಲೇಬೇಕಾಗುತ್ತದೆ.

ನಾನೂ ಒಮ್ಮೆ ತಪ್ಪಿದ್ದೇನೆ. ಒಬ್ಬ ಹುಡುಗನ ದಿಂಬಿನಡಿ ಅರ್ಧ ಕಡುಬು, ಹಾಸಿಗೆ ತುಂಬ ಇರುವೆ. ಬೈದೆ. ಅವನು ಅಳಲಿಲ್ಲ, ಮಾರನೇ ದಿನ ಊಟವನ್ನೇ ಮಾಡಲಿಲ್ಲ. ನಾಳೆ ಸಿಗುತ್ತೋ ಇಲ್ಲವೋ ಅಂತ ಬಚ್ಚಿಟ್ಟಿದ್ದು ಅನ್ನುವುದು ನನಗೆ ತಡವಾಗಿ ಹೊಳೆಯಿತು. ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಗೆ ಕೋಡುಬಳೆ ತುಂಬಿ ತಲೆದೆಸೆಗೆ ಇಟ್ಟೆ. ಮೂರು ದಿನ ಮುಚ್ಚಳ ತೆಗೆದು ಎಣಿಸುತ್ತಿದ್ದ. ನಾಲ್ಕನೇ ದಿನ ನನಗೇ ಒಂದು ಕೊಟ್ಟ.

ಪಕ್ಕದ ಮನೆಯವರು "ಯಾರ ಮಗು?" ಅಂತ ಕೇಳಿಯೇ ಕೇಳುತ್ತಾರೆ. "ನಮ್ಮನೆಗೆ ಬಂದಿದೆ" ಅಷ್ಟೇ. ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಲೇಬಾರದು.

ಹೊರಡುವ ದಿನವನ್ನು ಮೊದಲೇ ತಿಳಿಸಿ. ಬಟ್ಟೆಗೆ ಗಟ್ಟಿ ಚೀಲ ಕೊಡಿ, ಪ್ಲಾಸ್ಟಿಕ್ ಕವರ್ ಬೇಡ. ತಿಂಡಿ ಡಬ್ಬಿಯನ್ನೂ ಮಗುವಿನ ಜೊತೆಗೇ ಕಳಿಸಿ. ನಮ್ಮನೆ ಅಡುಗೆಮನೆಯಲ್ಲಿ ಈಗ ಡಬ್ಬಿಗಳು ಕಡಿಮೆ, ಸಂತೆಗೆ ಹೋದಾಗ ಎರಡು ತರಬೇಕು.